ಕುದುರೆಯ ಕಾಲಿನ ಜೀವಂತ ಹಗ್ಗ

ಪಂದ್ಯದ ಕುದುರೆಯೊಂದು ಪೂರ್ಣವೇಗದಲ್ಲಿ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಹಿಂದೆ ಬಿದ್ದು ಕುಂಟತೊಡಗುವುದುಂಟು. ಅದು ಎಡವಿರುವುದಿಲ್ಲ, ಮೂಳೆಯೂ ಮುರಿದಿರುವುದಿಲ್ಲ. ಮುಂಗಾಲಿನ ಹಿಂಬದಿಯನ್ನು ಮುಟ್ಟಿ ನೋಡಿದರೆ ಅಲ್ಲಿ ಬಿಸಿ, ಬಾವು, ನೋವು. ಚರ್ಮದ ಕೆಳಗೆ ಹಗ್ಗದಂತೆ ಬಿಗಿದು ನಿಂತಿರುವ ರಜ್ಜುವಿನ ಎಳೆಗಳು ಹರಿದಿರುತ್ತವೆ. ಅನೇಕ ವೇಳೆ ಆ ಕುದುರೆಯ ಓಟದ ಬದುಕು ಅಲ್ಲಿಗೇ ಮುಗಿಯುತ್ತದೆ. ಗಾಯ ಮಾಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ವಿಶ್ರಾಂತಿಯ ಬಳಿಕ ಅಲ್ಲಿ ಬೆಳೆಯುವುದು ಕಲೆಗಟ್ಟಿದ ಅಂಗಾಂಶವೇ ಹೊರತು ಮೊದಲಿನ ರಜ್ಜುವಲ್ಲ.

ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳುವುದು ಹಿಂದಿನಿಂದ ಬಂದ ವಾಡಿಕೆ. ಹಲ್ಲು ಸವೆಯುವುದು ಕಣ್ಣಿಗೆ ಕಾಣುತ್ತದೆ. ರಜ್ಜುವಿಗೆ ವಯಸ್ಸಾಗುವುದು ಹಾಗೆ ಕಾಣುವುದಿಲ್ಲ. ಐದು ವರ್ಷದ ಕುದುರೆಯ ರಜ್ಜುವನ್ನೂ ಹದಿನೈದು ವರ್ಷದ ಕುದುರೆಯ ರಜ್ಜುವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬರಿಗಣ್ಣಿಗೆ ಹೆಚ್ಚಿನ ಭೇದವೇನೂ ತೋರದು. ಆದರೂ ವಯಸ್ಸು ಏರಿದಂತೆಲ್ಲ ಈ ಗಾಯದ ಸಂಭವವೂ ಏರುತ್ತ ಹೋಗುತ್ತದೆ. ಹಾಗಾದರೆ ಒಳಗೆ ಬದಲಾಗುವುದೇನು? ಹಗ್ಗದ ನಾರು ಜೀರ್ಣವಾಗುತ್ತದೆಯೇ, ಅಥವಾ ನಾರುಗಳನ್ನು ಹೊಸೆದಿರುವ ರೀತಿಯೇ ಕೆಡುತ್ತದೆಯೇ? ಈ ಲೇಖನದಲ್ಲಿ ನಾವು ವಿಚಾರಿಸಲಿರುವುದು ಇದನ್ನೇ.

ಕಾಲೆಂಬ ಸ್ಪ್ರಿಂಗು

ಮೊದಲು ಎರಡು ಹೆಸರುಗಳ ಪರಿಚಯ ಮಾಡಿಕೊಳ್ಳೋಣ. ಮಾಂಸಖಂಡವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಕಟ್ಟುವುದು ಅಸ್ಥಿರಜ್ಜು. ಎರಡೂ ಒಂದೇ ಬಗೆಯ ದ್ರವ್ಯದಿಂದ ಆದವು. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಕ್ಕೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ. ಇರುವುದು ಮೂಳೆ, ರಜ್ಜು ಮತ್ತು ಚರ್ಮ. ಕಾಲಿನ ಹಿಂಬದಿಯಲ್ಲಿ ಚರ್ಮಕ್ಕೆ ಹತ್ತಿರವಾಗಿ ಒಂದು ಸ್ನಾಯುರಜ್ಜು ಇಳಿಯುತ್ತದೆ. ಅದಕ್ಕೂ ಒಳಗೆ, ಮೂಳೆಗೆ ಅಂಟಿದಂತೆ, ಒಂದು ಅಸ್ಥಿರಜ್ಜು ಇಳಿದು ಗೊರಸಿನ ಮೇಲಿನ ಕೀಲನ್ನು ತೊಟ್ಟಿಲಿನ ಹಗ್ಗದಂತೆ ಎತ್ತಿ ಹಿಡಿಯುತ್ತದೆ. ಇದು ಕುದುರೆಯ ಪೂರ್ವಜರಲ್ಲಿ ಮಾಂಸಖಂಡವಾಗಿದ್ದು, ವಿಕಾಸದ ದೀರ್ಘ ಅವಧಿಯಲ್ಲಿ ಬಹುಮಟ್ಟಿಗೆ ರಜ್ಜುವಾಗಿ ಮಾರ್ಪಟ್ಟಿದೆ.

ಓಡುವ ಕುದುರೆಯ ಗೊರಸು ನೆಲವನ್ನು ಊರಿದೊಡನೆ ಈ ಕೀಲು ನೆಲದ ಕಡೆಗೆ ತಗ್ಗುತ್ತದೆ. ಹಿಂಬದಿಯ ರಜ್ಜುಗಳು ಹಿಗ್ಗುತ್ತವೆ. ಹಿಗ್ಗುವಾಗ ಕೂಡಿಟ್ಟುಕೊಂಡ ಶಕ್ತಿಯ ಬಹುಪಾಲನ್ನು ಅವು ಮರುಕ್ಷಣವೇ ಹಿಂದಿರುಗಿಸಿ ದೇಹವನ್ನು ಮೇಲಕ್ಕೂ ಮುಂದಕ್ಕೂ ಚಿಮ್ಮಿಸುತ್ತವೆ. ಪೂರ್ಣವೇಗದ ಓಟದಲ್ಲಿ ಒಂದೇ ಮುಂಗಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. 500 ಕಿಲೋಗ್ರಾಂ ತೂಗುವ ಕುದುರೆಯಲ್ಲಿ ಇದು 1200 ಕಿಲೋಗ್ರಾಮಿಗೂ ಹೆಚ್ಚು.

ಜೀವಂತ ಕುದುರೆಗಳಲ್ಲಿ ಮಾಪಕಗಳನ್ನು ಅಳವಡಿಸಿ ಮಾಡಿದ ಅಳತೆಗಳು 1989ರಲ್ಲಿ ಅಮೆರಿಕದಿಂದ ಪ್ರಕಟವಾದವು. ಚರ್ಮದ ಹತ್ತಿರದ ಸ್ನಾಯುರಜ್ಜು ಓಟದಲ್ಲಿ ನೂರಕ್ಕೆ 11ರಿಂದ 16ರವರೆಗೂ ಹಿಗ್ಗುತ್ತದೆಂದು ಅವು ತೋರಿಸಿದವು. ಉಕ್ಕಿನ ತಂತಿ ತನ್ನ ಸ್ಥಿತಿಸ್ಥಾಪಕತ್ವದ ಮಿತಿಯೊಳಗೆ ನೂರಕ್ಕೆ ಒಂದರಷ್ಟೂ ಹಿಗ್ಗಲಾರದೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪ್ರಯೋಗಶಾಲೆಯಲ್ಲಿ ಇಂಥ ರಜ್ಜುವನ್ನು ಹರಿಯುವವರೆಗೆ ಎಳೆದರೆ, ಅದು ಹರಿಯುವ ಹಿಗ್ಗು ಈ ಓಟದ ಹಿಗ್ಗಿಗೆ ತೀರ ದೂರವಾಗಿರುವುದಿಲ್ಲ. ಸೇತುವೆ ಕಟ್ಟುವ ಎಂಜಿನಿಯರು ಬೀಳಬಹುದಾದ ಭಾರದ ಹಲವು ಪಟ್ಟು ತಾಳುವಂತೆ ಅದನ್ನು ರಚಿಸುತ್ತಾನೆ. ಕುದುರೆಯ ಕಾಲಿನಲ್ಲಿ ಪ್ರಕೃತಿ ಅಷ್ಟು ಉದಾರವಾದ ಅವಕಾಶವನ್ನು ಬಿಟ್ಟಿಲ್ಲ. ಆದುದರಿಂದಲೇ ಇಲ್ಲಿ ರಚನೆಯ ಅಲ್ಪ ಬದಲಾವಣೆಯೂ ದೊಡ್ಡ ಫಲವನ್ನು ತರಬಲ್ಲದು.

ಹಗ್ಗದ ನಾರು

ರಜ್ಜುವಿನ ನೀರನ್ನೆಲ್ಲ ತೆಗೆದರೆ ಉಳಿಯುವ ದ್ರವ್ಯದ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನು. ಮೂಳೆ, ಚರ್ಮಗಳನ್ನು ಬೇಯಿಸಿ ಸರೇಸು ತಯಾರಿಸುವುದು ನಮಗೆಲ್ಲ ಗೊತ್ತು. ಆ ಸರೇಸು ಹುಟ್ಟುವುದು ಕೊಲಾಜೆನ್ನಿನಿಂದಲೇ. ಗ್ರೀಕ್ ಭಾಷೆಯಲ್ಲಿ ಅಂಟಿಗೆ ಇರುವ ಮಾತಿನಿಂದಲೇ ಅದಕ್ಕೆ ಈ ಹೆಸರು ಬಂದಿದೆ.

ಇದರ ಅಣುವಿನ ರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರೂ ಗೋಪಿನಾಥ ಕರ್ತಾ ಅವರೂ ಕೊಲಾಜೆನ್ ಎಳೆಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ದೊರೆತ ಚಿತ್ರಗಳಿಂದ ಅಣುವಿನ ಆಕಾರವನ್ನು ತರ್ಕಿಸಿದರು. ಮೂರು ಸರಪಳಿಗಳು ಜೊತೆಗೂಡಿದ ರಚನೆಯನ್ನು ಅವರು 1954ರಲ್ಲಿ ಸೂಚಿಸಿದರು. ಆ ಮೂರೂ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದು 1955ರಲ್ಲಿ ತಿದ್ದಿ ಹೇಳಿದರು. ಇಂಗ್ಲೆಂಡಿನಲ್ಲಿ ರಿಚ್ ಮತ್ತು ಕ್ರಿಕ್ ಎಂಬವರೂ ಅದೇ ಕಾಲದಲ್ಲಿ ಈ ಸಮಸ್ಯೆಯ ಮೇಲೆ ದುಡಿದು ವಿವರಗಳನ್ನು ಪರಿಷ್ಕರಿಸಿದರು. ಮೂರೆಳೆಯ ಸುರುಳಿ ಎಂಬ ಮುಖ್ಯ ಸತ್ಯ ಇಂದಿಗೂ ನಿಂತಿದೆ.

ಹಗ್ಗ ಹೊಸೆಯುವವರು ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಎಳೆಗಳನ್ನು ಕೂಡಿಸುವಾಗ ವಿರುದ್ಧ ದಿಕ್ಕಿಗೆ ತಿರುಚುತ್ತಾರೆ. ಹಾಗೆ ಮಾಡಿದರೆ ಎಳೆಗಳು ಬಿಚ್ಚಿಕೊಳ್ಳದೆ ಒಂದನ್ನೊಂದು ಬಿಗಿಯುತ್ತವೆ. ಕೊಲಾಜೆನ್ನಿನಲ್ಲಿಯೂ ಒಂದೊಂದು ಸರಪಳಿ ಎಡಕ್ಕೆ ತಿರುಚಿಕೊಂಡಿದ್ದು, ಮೂರೂ ಸೇರಿ ಬಲಕ್ಕೆ ಹೊಸೆದುಕೊಂಡಿವೆ. ಒಂದೊಂದು ಸರಪಳಿಯಲ್ಲಿಯೂ ಸುಮಾರು 1000 ಅಮೈನೋ ಆಮ್ಲಗಳಿವೆ. ಪ್ರತಿ ಮೂರನೆಯದು ಗ್ಲೈಸೀನು. ಇದು ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದುದರಿಂದ ಸುರುಳಿಯ ಇಕ್ಕಟ್ಟಾದ ನಡುಭಾಗದಲ್ಲಿ ಹಿಡಿಸುತ್ತದೆ. ಹೀಗಾದ ಅಣುವಿನ ಉದ್ದ ಸುಮಾರು 300 ನ್ಯಾನೋಮೀಟರು, ದಪ್ಪ ಒಂದೂವರೆ ನ್ಯಾನೋಮೀಟರು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ನ್ಯಾನೋಮೀಟರು ಎಂದು ಹೆಸರು.

ಈ ಅಣುಗಳು ಸಾಲಾಗಿ ಸೇರಿ ತಂತುಗಳಾಗುತ್ತವೆ. ಗೋಡೆ ಕಟ್ಟುವಾಗ ಇಟ್ಟಿಗೆಗಳ ಸಂದುಗಳು ಒಂದೇ ನೇರಕ್ಕೆ ಬಾರದಂತೆ ಜೋಡಿಸುವಂತೆ, ತಂತುವಿನಲ್ಲಿ ಪಕ್ಕಪಕ್ಕದ ಅಣುಗಳು ಸುಮಾರು 67 ನ್ಯಾನೋಮೀಟರಿನಷ್ಟು ಹಿಂದುಮುಂದಾಗಿ ನಿಂತಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತಂತುಗಳ ಮೇಲೆ ಅದೇ ಅಂತರದ ಪಟ್ಟೆಗಳು ಕಾಣುವುದು ಇದರಿಂದಲೇ. ಅಣುವಿಗೂ ಅಣುವಿಗೂ ನಡುವೆ ರಾಸಾಯನಿಕ ಅಡ್ಡಕೊಂಡಿಗಳು ಬೆಸೆದುಕೊಂಡು ತಂತುವಿಗೆ ಬಲ ಕೊಡುತ್ತವೆ. ತಂತುಗಳು ಸೇರಿ ಎಳೆ, ಎಳೆಗಳು ಸೇರಿ ಹುರಿ, ಹುರಿಗಳು ಸೇರಿ ರಜ್ಜು. ಹುರಿಗಳ ನಡುವೆ ಮೃದುವಾದ ಬೇರೊಂದು ಅಂಗಾಂಶವಿದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಮರಿಯಿಂದ ಪ್ರಾಯಕ್ಕೆ

ವಯಸ್ಸಿನೊಂದಿಗೆ ತಂತುಗಳು ಹೇಗೆ ಬದಲಾಗುತ್ತವೆಂಬುದನ್ನು ನ್ಯೂಜಿಲೆಂಡಿನ ಪ್ಯಾರಿ, ಕ್ರೇಗ್ ಮತ್ತು ಬಾರ್ನ್ಸ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದರು. ಇನ್ನೂ ಗರ್ಭದಲ್ಲಿದ್ದ ಮರಿಗಳಿಂದ ಹಿಡಿದು ಬೆಳೆದ ಕುದುರೆಗಳವರೆಗೆ ಹಲವು ವಯಸ್ಸಿನ ಸ್ನಾಯುರಜ್ಜು, ಅಸ್ಥಿರಜ್ಜುಗಳ ತಂತುಗಳನ್ನು ಅವರು ಅಳೆದು, 1978ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಗರ್ಭಸ್ಥ ಮರಿಯಲ್ಲಿ ತಂತುಗಳೆಲ್ಲ ಸಣ್ಣವು. ಒಂದರ ದಪ್ಪ ಇನ್ನೊಂದರ ದಪ್ಪಕ್ಕೆ ಹೆಚ್ಚುಕಡಿಮೆ ಸಮ. ಬೆಳೆದ ಕುದುರೆಯಲ್ಲಿಯಾದರೋ ದಪ್ಪ ತಂತುಗಳೂ ಸಣ್ಣ ತಂತುಗಳೂ ಬೆರೆತಿರುತ್ತವೆ.

ಈ ಬೆರಕೆಯಿಂದ ಪ್ರಯೋಜನವೇನು? ದಪ್ಪ ತಂತುವಿನಲ್ಲಿ ಅಣುಗಳ ನಡುವೆ ಹೆಚ್ಚು ಅಡ್ಡಕೊಂಡಿಗಳಿಗೆ ಎಡೆಯಿದೆ. ಆದುದರಿಂದ ಅದು ಹೆಚ್ಚಿನ ಎಳೆತವನ್ನು ತಾಳುತ್ತದೆ. ಸಣ್ಣ ತಂತುಗಳ ಗುಣ ಬೇರೆ. ಒಂದೇ ತೂಕದ ದ್ರವ್ಯವನ್ನು ಅರ್ಧ ವ್ಯಾಸದ ತಂತುಗಳಾಗಿ ಮಾಡಿದರೆ ಅವುಗಳ ಒಟ್ಟು ಮೇಲ್ಮೈ ಎರಡರಷ್ಟಾಗುವುದೆಂದು ವಿದ್ಯಾರ್ಥಿಗಳು ಸುಲಭವಾಗಿ ಲೆಕ್ಕ ಮಾಡಿ ನೋಡಬಹುದು. ಮೇಲ್ಮೈ ಹೆಚ್ಚಿದಷ್ಟೂ ಸುತ್ತಲಿನ ದ್ರವ್ಯದ ಹಿಡಿತ ಹೆಚ್ಚು. ಬಹಳ ಹೊತ್ತು ಎಳೆದಾಗಲೂ ತಂತುಗಳು ಜಾರಿ ಉದ್ದವಾಗಿಬಿಡುವುದಿಲ್ಲ. ಹೀಗೆ ಬಲಕ್ಕೆ ದಪ್ಪ ತಂತು, ಹಿಡಿತಕ್ಕೆ ಸಣ್ಣ ತಂತು ಎಂದು ಆ ವಿಜ್ಞಾನಿಗಳು ವಿವರಿಸಿದರು. ಅಡ್ಡಕೊಂಡಿಗಳೂ ಈ ಕಾಲದಲ್ಲಿ ಪಕ್ವವಾಗುತ್ತವೆ: ಮೊದಲು ಎರಡೆರಡು ಅಣುಗಳನ್ನು ಬೆಸೆದಿದ್ದವು ಮುಂದೆ ಮೂರು ಅಣುಗಳನ್ನು ಬೆಸೆಯುವ ಹೆಚ್ಚು ಸ್ಥಿರವಾದ ಕೊಂಡಿಗಳಾಗುತ್ತವೆ. ಕುದುರೆಗೆ ಸುಮಾರು ಎರಡು ವರ್ಷ ತುಂಬುವ ವೇಳೆಗೆ ರಜ್ಜುವಿನ ಕಟ್ಟಡ ಬಹುಮಟ್ಟಿಗೆ ಮುಗಿದಿರುತ್ತದೆ.

ಅಲೆಗಳು ಮಾಸುವುದು

ರಜ್ಜುವಿನ ತೆಳುವಾದ ಸೀಳನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಪ್ಪು ಬಿಳುಪು ಪಟ್ಟೆಗಳು ಒಂದಾದ ಮೇಲೊಂದು ಕಾಣುತ್ತವೆ. ಎಳೆಗಳು ನೇರವಾಗಿರದೆ ಅಲೆಯಲೆಯಾಗಿ ಮಡಿದಿವೆ ಎಂಬುದಕ್ಕೆ ಇದು ಗುರುತು. ರಜ್ಜುವನ್ನು ಎಳೆಯಲು ತೊಡಗಿದಾಗ ಮೊದಲು ಈ ಅಲೆಗಳು ಬಿಡಿಸಿಕೊಳ್ಳುತ್ತವೆ. ಅದಕ್ಕೆ ಸ್ವಲ್ಪವೇ ಬಲ ಸಾಕು. ಅಲೆಗಳೆಲ್ಲ ನೇರವಾದ ಮೇಲೆ ತಂತುಗಳೇ ಹಿಗ್ಗಬೇಕಾಗುವುದರಿಂದ ಬೇಕಾಗುವ ಬಲ ಒಮ್ಮೆಲೇ ಏರುತ್ತದೆ. ತರಗತಿಯಲ್ಲಿ ಹುಕ್ ನಿಯಮಕ್ಕೆ ನಾವು ಎಳೆಯುವ ಸರಳರೇಖೆ ರಜ್ಜುವಿಗೆ ಮೊದಲಿನಿಂದಲೇ ಹೊಂದದಿರುವುದಕ್ಕೆ ಕಾರಣ ಈ ಅಲೆಗಳು.

ಅಲೆಗಳ ಓರೆ ಎಷ್ಟಿದ್ದರೆ ಎಷ್ಟು ಹಿಗ್ಗು ದೊರೆಯುತ್ತದೆ? ರೇಖಾಗಣಿತ ಉತ್ತರ ಕೊಡುತ್ತದೆ. ಎಳೆ ನೇರ ದಿಕ್ಕಿಗೆ 20 ಡಿಗ್ರಿ ಓರೆಯಾಗಿ ಮಡಿದಿದೆಯೆಂದು ಭಾವಿಸೋಣ. ಅದು ನೇರವಾಗುವಷ್ಟರಲ್ಲಿ ರಜ್ಜು ನೂರಕ್ಕೆ 6.4ರಷ್ಟು ಉದ್ದವಾಗುತ್ತದೆ. ಓರೆ 12 ಡಿಗ್ರಿಯೇ ಆದರೆ ನೂರಕ್ಕೆ 2.2ರಷ್ಟು ಮಾತ್ರ. ಈಗ ಒಂದೇ ರಜ್ಜುವಿನ ಅಂಚಿನಲ್ಲಿ 20 ಡಿಗ್ರಿಯ ಎಳೆಗಳೂ ನಡುವಿನಲ್ಲಿ 12 ಡಿಗ್ರಿಯ ಎಳೆಗಳೂ ಇವೆಯೆನ್ನೋಣ. ರಜ್ಜುವನ್ನು ನೂರಕ್ಕೆ 4ರಷ್ಟು ಎಳೆದಾಗ ಅಂಚಿನ ಎಳೆಗಳು ಇನ್ನೂ ಸಡಿಲವಾಗಿರುತ್ತವೆ. ನಡುವಿನವು ಆಗಲೇ ಬಿಗಿದು ಭಾರ ಹೊರುತ್ತಿರುತ್ತವೆ. ಹಲವರು ಸೇರಿ ತೇರು ಎಳೆಯುವಾಗ ಕೆಲವರ ಹಗ್ಗ ಮಾತ್ರ ಬಿಗಿದಿದ್ದರೆ ಭಾರವೆಲ್ಲ ಅವರ ಮೇಲೆಯೇ ಬೀಳುವಂತೆ ಇದು.

ಈ ಅಂಕಿಗಳು ವಿವರಣೆಗಾಗಿ ಆರಿಸಿಕೊಂಡವು. ಆದರೆ ಸಂಗತಿ ಕಲ್ಪಿತವಲ್ಲ. ವಿಲ್ಮಿಂಕ್, ವಿಲ್ಸನ್ ಮತ್ತು ಗುಡ್‌ಶಿಪ್ ಎಂಬವರು 1992ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ಕಂಡುಬಂತು. ಎಳೆಯ ಕುದುರೆಗಳ ರಜ್ಜುವಿನಲ್ಲಿ ನಡುಭಾಗಕ್ಕೂ ಅಂಚಿಗೂ ಅಲೆಗಳಲ್ಲಿ ಹೆಚ್ಚು ಭೇದವಿರಲಿಲ್ಲ. ವಯಸ್ಸಾದವುಗಳಲ್ಲಿ ನಡುಭಾಗದ ಅಲೆಗಳು ಹೆಚ್ಚಾಗಿ ಚಪ್ಪಟೆಯಾಗಿದ್ದವು. ಪಂದ್ಯದ ಕುದುರೆಗಳಲ್ಲಿ ರಜ್ಜು ಹರಿಯುವುದೂ ಸಾಮಾನ್ಯವಾಗಿ ನಡುಭಾಗದಿಂದಲೇ. ಎರಡಕ್ಕೂ ಇರುವ ನಂಟು ಇದರಿಂದ ವಿಶದವಾಗುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ: ಇದು ವಯಸ್ಸಿನ ಫಲವೋ, ದುಡಿತದ ಫಲವೋ? ಎರಡರದೂ ಎನ್ನಬೇಕು. ಕಠಿಣವಾದ ತಾಲೀಮು ಪಡೆದ ಕುದುರೆಗಳಲ್ಲಿ ನಡುಭಾಗದ ಬದಲಾವಣೆ ಹೆಚ್ಚಾಗಿರುವುದು ಮುಂದಿನ ಸಂಶೋಧನೆಗಳಲ್ಲಿ ಕಂಡುಬಂದಿದೆ. ಅಷ್ಟೇ ಅಲ್ಲದೆ, ಹಿಗ್ಗಿದ ರಜ್ಜು ಶಕ್ತಿಯನ್ನು ಹಿಂದಿರುಗಿಸುವಾಗ ಒಂದು ಸಣ್ಣ ಪಾಲು ಉಷ್ಣವಾಗಿ ಒಳಗೇ ಉಳಿಯುತ್ತದೆ. ಓಡುವ ಕುದುರೆಯ ರಜ್ಜುವಿನ ನಡುವಿನಲ್ಲಿ ಉಷ್ಣತೆ 45 ಡಿಗ್ರಿ ಸೆಂಟಿಗ್ರೇಡಿನವರೆಗೂ ಏರುವುದೆಂದು ವಿಲ್ಸನ್ ಮತ್ತು ಗುಡ್‌ಶಿಪ್ 1994ರಲ್ಲಿ ತೋರಿಸಿದರು. ಇಂಥ ಕಾವು ಅಲ್ಲಿನ ಜೀವಕೋಶಗಳಿಗೆ ಹಿತವಾದುದಲ್ಲ.

ಬದಲಾಗದ ನಾರು

ದೇಹದ ಎಷ್ಟೋ ಭಾಗಗಳು ಸವೆದಂತೆ ಹೊಸದಾಗುತ್ತಿರುತ್ತವೆ. ರಜ್ಜು ಏಕೆ ಹಾಗಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ವಿಚಿತ್ರವಾದ ಗಡಿಯಾರದಿಂದ. ಎಡಗೈಯೂ ಬಲಗೈಯೂ ಕನ್ನಡಿಯ ಬಿಂಬಗಳಂತಿರುವ ಹಾಗೆ ಅಮೈನೋ ಆಮ್ಲಗಳಿಗೂ ಎರಡು ರೂಪಗಳುಂಟು. ಜೀವಿಗಳು ಪ್ರೋಟೀನನ್ನು ಕಟ್ಟುವಾಗ ಎಡ ರೂಪವನ್ನು ಮಾತ್ರ ಬಳಸುತ್ತವೆ. ಆದರೆ ಕಾಲಕ್ರಮದಲ್ಲಿ ಅವುಗಳಲ್ಲಿ ಕೆಲವು, ವಿಶೇಷವಾಗಿ ಆಸ್ಪಾರ್ಟಿಕ್ ಆಮ್ಲ, ತಾವಾಗಿಯೇ ಬಲ ರೂಪಕ್ಕೆ ಹೊರಳುತ್ತವೆ. ಪ್ರೋಟೀನು ಬದಲಾಗದೆ ಹೆಚ್ಚು ಕಾಲ ಉಳಿದಷ್ಟೂ ಬಲ ರೂಪದ ಪಾಲು ಹೆಚ್ಚು.

2010ರಲ್ಲಿ ಇಂಗ್ಲೆಂಡಿನ ಥಾರ್ಪ್ ಮತ್ತು ಸಂಗಡಿಗರು ಈ ವಿಧಾನವನ್ನು ಕುದುರೆಯ ರಜ್ಜುಗಳಿಗೆ ಅನ್ವಯಿಸಿದರು. ಭಾರ ಹೊರುವ ಹಿಂಬದಿಯ ಸ್ನಾಯುರಜ್ಜುವಿನಲ್ಲಿ ಕೊಲಾಜೆನ್ನಿನ ಅರ್ಧಾಯು ಸುಮಾರು 198 ವರ್ಷವೆಂದು ಹೊರಬಿತ್ತು. ಕಾಲನ್ನು ಮುಂದಕ್ಕೆ ಚಾಚಲಷ್ಟೇ ನೆರವಾಗುವ ಮುಂಬದಿಯ ರಜ್ಜುವಿನಲ್ಲಿ ಸುಮಾರು 34 ವರ್ಷ. ವಿಕಿರಣಶೀಲ ವಸ್ತುವಿನ ಅರ್ಧಾಯುವಿನ ಲೆಕ್ಕವನ್ನೇ ಇಲ್ಲಿಯೂ ಹಾಕಿದರೆ, 20 ವರ್ಷ ಬಾಳಿದ ಕುದುರೆಯಲ್ಲಿ ಹಿಂಬದಿಯ ರಜ್ಜುವಿನ ಕೊಲಾಜೆನ್ ನೂರಕ್ಕೆ ಏಳರಷ್ಟು ಮಾತ್ರ ಹೊಸದಾಗಿರುತ್ತದೆ. ಆದರೆ ಕೊಲಾಜೆನ್ ಅಲ್ಲದ ಪ್ರೋಟೀನುಗಳ ಅರ್ಧಾಯು ಅದೇ ರಜ್ಜುವಿನಲ್ಲಿ ಸುಮಾರು ಎರಡು ವರ್ಷ. ಅಂದರೆ ಸುತ್ತಲಿನ ಅಂಗಾಂಶ ಹೊಸದಾಗುತ್ತಿದ್ದರೂ ಹಗ್ಗದ ನಾರು ಮಾತ್ರ ಮರಿಯಾಗಿದ್ದಾಗ ಹೊಸೆದದ್ದೇ.

ಹೀಗೆ ಉಳಿದ ನಾರಿಗೆ ಕಾಲದ ಗುರುತುಗಳು ಅಂಟದೆ ಇರುವುದಿಲ್ಲ. ರಕ್ತದಲ್ಲಿನ ಸಕ್ಕರೆ ಮೆಲ್ಲಮೆಲ್ಲನೆ ಕೊಲಾಜೆನ್ನಿಗೆ ಅಂಟಿಕೊಂಡು ಬೇರೊಂದು ಬಗೆಯ ಅಡ್ಡಕೊಂಡಿಗಳನ್ನು ಹುಟ್ಟಿಸುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಇಂಥದೇ ಕ್ರಿಯೆಯಿಂದ; ಅಲ್ಲಿ ನಿಮಿಷಗಳಲ್ಲಿ ಆಗುವುದು ದೇಹದ ಕಾವಿನಲ್ಲಿ ವರ್ಷಗಳನ್ನು ತೆಗೆದುಕೊಳ್ಳುತ್ತದೆ.

ಜಾರದ ಹುರಿಗಳು

ಇಷ್ಟಾದರೂ ಮುದಿ ಕುದುರೆಯ ಕೊಲಾಜೆನ್ ಅಣು ಅದೇ ಮೂರೆಳೆಯ ಸುರುಳಿಯೇ. ಹಾಗಾದರೆ ಕೆಟ್ಟದ್ದೇನು? ಹಿಂದೆ ನೆನಪಿನಲ್ಲಿಡಲು ಹೇಳಿದ್ದ ಅಂಗಾಂಶದ ಕಡೆಗೆ ಈಗ ಬರೋಣ. ಭಾರ ಹೊರುವ ರಜ್ಜು ಅಷ್ಟೊಂದು ಹಿಗ್ಗುವುದು ನಾರುಗಳ ಹಿಗ್ಗಿನಿಂದ ಮಾತ್ರವಲ್ಲ. ಹುರಿಗಳು ಒಂದರ ಪಕ್ಕ ಒಂದು ಜಾರುವುದರಿಂದಲೂ ಹೌದು. ನಡುವಿನ ಮೃದು ಅಂಗಾಂಶ ಈ ಜಾರಿಕೆಗೆ ಎಡೆಮಾಡಿಕೊಟ್ಟು, ಅದರಲ್ಲಿರುವ ಎಲಾಸ್ಟಿನ್ ಎಂಬ ರಬ್ಬರಿನಂಥ ಪ್ರೋಟೀನಿನ ನೆರವಿನಿಂದ ಹುರಿಗಳನ್ನು ಮತ್ತೆ ಸ್ವಸ್ಥಾನಕ್ಕೆ ತರುತ್ತದೆ.

ಥಾರ್ಪ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ವಯಸ್ಸಾದಂತೆ ಈ ಅಂಗಾಂಶ ಬಿರುಸಾಗಿ ಹುರಿಗಳ ಜಾರಿಕೆ ಕಡಿಮೆಯಾಗುತ್ತದೆ. ಎಲಾಸ್ಟಿನ್ ಕೂಡ ಕಡಿಮೆಯಾಗುವುದನ್ನು ಮುಂದೆ ಕಂಡುಕೊಳ್ಳಲಾಯಿತು. ಮುಂಬದಿಯ ರಜ್ಜುವಿನಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಗಾಯವಾಗುವುದೂ ಅದಕ್ಕೆ ಅಪರೂಪ. ಹುರಿಗಳನ್ನೂ ನಡುವಿನ ಅಂಗಾಂಶವನ್ನೂ ಬೇರೆಬೇರೆಯಾಗಿ ಮತ್ತೆ ಮತ್ತೆ ಎಳೆದು ಬಿಟ್ಟು ನೋಡಿದಾಗ, ಭಾರ ಹೊರುವ ರಜ್ಜುವಿನಲ್ಲಿ ಮುದಿ ಕುದುರೆಯವು ಬೇಗ ದಣಿದು ಸೋತವೆಂದು 2017ರಲ್ಲಿ ವರದಿಯಾಯಿತು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ವಯಸ್ಸು ರಜ್ಜುವಿನಿಂದ ಕಸಿದುಕೊಳ್ಳುವುದು ನಾರಿನ ಬಲಕ್ಕಿಂತ ಹೆಚ್ಚಾಗಿ ಅದರ ಸಡಿಲನ್ನು: ಅಲೆಗಳು ಬಿಡಿಸಿಕೊಳ್ಳುವ ಅವಕಾಶವನ್ನು, ಹುರಿಗಳು ಜಾರುವ ಅವಕಾಶವನ್ನು. ಹತ್ತು ಜನ ಹಂಚಿಕೊಳ್ಳಬೇಕಾದ ಭಾರ ಇಬ್ಬರ ಮೇಲೆ ಬೀಳುತ್ತದೆ. ನೂರು ಬಾರಿ ಓಡಿದ ಹಾದಿಯಲ್ಲಿ ನೂರೊಂದನೆಯ ಬಾರಿ ರಜ್ಜು ಹರಿಯುವುದು ಹೀಗೆ.

ನಮ್ಮ ಹಿಮ್ಮಡಿಯ ಮಾತು

ಇದು ಕುದುರೆಗಷ್ಟೇ ಸಂಬಂಧಿಸಿದ ಮಾತಲ್ಲ. ನಮ್ಮ ಹಿಮ್ಮಡಿಯ ಮೇಲೆ ಬೆರಳಿಗೆ ಸಿಕ್ಕುವ ದಪ್ಪ ರಜ್ಜುವೂ ಓಟದಲ್ಲಿ ಇದೇ ಕೆಲಸ ಮಾಡುತ್ತದೆ. 1955ರಿಂದ 1963ರವರೆಗೆ ವಾತಾವರಣದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ-14 ಬಹಳವಾಗಿ ಹೆಚ್ಚಿ, ಆಮೇಲೆ ವರ್ಷ ವರ್ಷಕ್ಕೂ ಇಳಿಯುತ್ತ ಬಂದಿತು. ಆ ಇಂಗಾಲ ಸಸ್ಯಗಳ ಮೂಲಕ ಆಹಾರವನ್ನೂ, ಆಹಾರದ ಮೂಲಕ ಮನುಷ್ಯರ ದೇಹವನ್ನೂ ಸೇರಿತು. ಡೆನ್ಮಾರ್ಕಿನ ಹೈನೆಮೈಯರ್ ಮತ್ತು ಸಂಗಡಿಗರು ತೀರಿಹೋದವರ ಹಿಮ್ಮಡಿಯ ರಜ್ಜುವಿನಲ್ಲಿ ಈ ಇಂಗಾಲವನ್ನು ಅಳೆದು, ಅದು ಯಾವ ವರ್ಷಗಳ ಗಾಳಿಗೆ ಹೊಂದುತ್ತದೆಂದು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು: ರಜ್ಜುವಿನ ನಡುಭಾಗ ಜೀವನದ ಮೊದಲ 17 ವರ್ಷಗಳಲ್ಲಿ ರೂಪುಗೊಂಡದ್ದು, ಆ ಬಳಿಕ ಅದು ಬಹುಮಟ್ಟಿಗೆ ಹೊಸದಾಗುವುದೇ ಇಲ್ಲ. ಅದೇ ವ್ಯಕ್ತಿಗಳ ಮಾಂಸಖಂಡಗಳಾದರೋ ಹೊಸದಾಗುತ್ತಲೇ ಇದ್ದವು.

ಈ ಲೇಖನವನ್ನು ಓದುತ್ತಿರುವ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಈ ಹಗ್ಗದ ಹೊಸೆತ ಇನ್ನೂ ನಡೆಯುತ್ತಿದೆ. ಕಾಲೇಜಿನವರಲ್ಲಿ ಅದು ಈಗಷ್ಟೇ ಮುಗಿದಿದೆ. ಇದನ್ನು ತಿಳಿದು ಹೆದರಬೇಕಾದುದೇನೂ ಇಲ್ಲ. ರಜ್ಜುವಿನ ಜೀವಕೋಶಗಳು ಆ ಮೇಲೂ ಬದುಕಿದ್ದು ತಮ್ಮಿಂದಾದಷ್ಟು ಪಾಲನೆ ಮಾಡುತ್ತಿರುತ್ತವೆ. ಆದರೆ ಬೆಳೆಯುವ ಕಾಲದ ಹದವಾದ ಓಟ ಆಟಗಳಿಗೆ ಬೆಲೆಯಿದೆ, ಅತಿಯಾದ ದುಡಿತಕ್ಕೆ ದಂಡವೂ ಇದೆ ಎಂಬುದನ್ನು ಕುದುರೆಯ ಕಾಲು ಕಲಿಸುತ್ತದೆ. ಕುದುರೆ ಸಾಕುವವರು ಮರಿಗಳನ್ನು ಲಾಯದಲ್ಲಿಯೇ ಕಟ್ಟಿಹಾಕದೆ ಬಯಲಿನಲ್ಲಿ ಓಡಾಡಲು ಬಿಡುವುದಕ್ಕೂ, ಎಳೆಯ ಕಾಲಿಗೆ ಹೊತ್ತಿಗೆ ಮೊದಲೇ ಭಾರ ಹೇರದಿರುವುದಕ್ಕೂ ಇಲ್ಲಿ ಆಧಾರವಿದೆ. ಒಮ್ಮೆ ಹೊಸೆದ ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆಯುವ ಅವಕಾಶ ದೇಹಕ್ಕೆ ಇಲ್ಲ. ಬಾಳಿನುದ್ದಕ್ಕೂ ಅದೇ ಹಗ್ಗದಿಂದ ನಡೆಯಬೇಕು, ಓಡಬೇಕು.